ಆರು ಗೋಲು ಬಿಟ್ಟ ಮ್ಯಾಚು

ನನ್ನ ಅಕ್ಕನ ಮಗಳಿಗೆ ಅಬುಧಾಬಿಯ ಒಂದು ಇಂಡಿಯನ್ ಸ್ಕೂಲಿನಲ್ಲಿ ಪಿ.ಟಿ. ಟೀಚರ್ ಕೆಲಸ ಸಿಕ್ಕಿದೆ. ಮೊನ್ನೆ ಫೋನ್ ಮಾಡಿ, "ಚಿಕ್ಕಮ್ಮ, ನೀವು ಅಷ್ಟು ವರ್ಷ ಅಲ್ಲೇ ಇದ್ದವರು, ಕೆಲಸ ಹೇಗೆ ಅಂತ ಸ್ವಲ್ಪ ಹೇಳಿ" ಎಂದಳು. ಹೇಳಲು ಶುರು ಮಾಡಿದೆ. ಅವಳ ಫೋನಿನ ಚಾರ್ಜ್ ಮುಗಿಯಿತು, ನನ್ನ ಮಾತು ಮುಗಿಯಲಿಲ್ಲ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ಪಿ.ಟಿ. ಟೀಚರ್ ಅಂದರೆ ವಿಸಿಲ್ ಊದುವುದು, ಬಾಲ್ ಎಸೆಯುವುದು ಅಂತ ನೀನು ತಿಳಿದಿದ್ದರೆ ಈಗಲೇ ಬಿಟ್ಟುಬಿಡು ಮಾರಾಯ್ತಿ. ಬೆಳಿಗ್ಗೆ ಬಸ್ ಡ್ಯೂಟಿ, ಆಮೇಲೆ ಅಸೆಂಬ್ಲಿಯಲ್ಲಿ ಉಗುರು, ಜಡೆ, ಶೂ ನೋಡುವುದು, ಯಾರಿಗಾದರೂ ವಾಂತಿಯಾದರೆ ಸಿಕ್ ರೂಮಿಗೆ ಕರೆದುಕೊಂಡು ಹೋಗುವುದು. ಮೇ ತಿಂಗಳು ಬಂತೆಂದರೆ ಗ್ರೌಂಡಿನಲ್ಲಿ ಕಾಲಿಡಲಿಕ್ಕೆ ಸಾಧ್ಯವಿಲ್ಲ, ಒಳಗೆ ಹಾಲ್‌ನಲ್ಲಿ ಯೋಗ. ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಸೂಪರ್‌ವೈಸರ್ ಮೇಡಂ ಬಾಗಿಲಲ್ಲಿ ಬಂದು ನಗುತ್ತಾ ನಿಲ್ಲುತ್ತಿದ್ದರು. ಆ ನಗು ನೋಡಿದರೇ ನನಗೆ ಗೊತ್ತಾಗುತ್ತಿತ್ತು. "ವಾರಿಜಾ, ಇವತ್ತಿನ ಪೀರಿಯಡ್ ಮ್ಯಾಥ್ಸಿಗೆ ಕೊಡ್ತೀಯಲ್ಲ?" ಕೊಡದೆ ಎಂತ ಮಾಡುವುದು? ಅವರು ಕೇಳುವಾಗಲೇ ಮ್ಯಾಥ್ಸ್ ಮಿಸ್ ಪುಸ್ತಕ ಹಿಡಿದು ಅವರ ಬೆನ್ನ ಹಿಂದೆ ನಿಂತಿರುತ್ತಿದ್ದರು.

ನಮ್ಮದು ಅಬುಧಾಬಿ ಹೊರವಲಯದ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಹತ್ತಿರದ ಶಾಲೆ. ನಾನು ಗರ್ಲ್ಸ್ ಸೆಕ್ಷನ್ನಿನಲ್ಲಿ. ಉಡುಪಿಯಲ್ಲಿ ಕಾಲೇಜಿಗೆ ಹೋಗುವಾಗ ಮಣ್ಣಿನ ಗ್ರೌಂಡಿನಲ್ಲಿ ಹಾಕಿ ಆಡಿದವಳು, ಹಾಗಾಗಿ ಈ ಶಾಲೆಯಲ್ಲೂ ಹುಡುಗಿಯರ ಒಂದು ಹಾಕಿ ಟೀಮ್ ಕಟ್ಟಿದೆ. ಆ ಟೀಮಿನ ಗೋಲ್‌ಕೀಪರ್ ವೆನಿಶಾ. ಇವಳ ಕಥೆ ಹೇಳಿದರೆ ಕೆಲಸ ಹೇಗೆ ಎನ್ನುವುದು ತಾನಾಗಿ ತಿಳಿಯುತ್ತದೆ.

ವೆನಿಶಾ ಬಂಟ್ವಾಳ ಕಡೆಯ ಕ್ರಿಶ್ಚಿಯನ್ನರ ಹುಡುಗಿ. ತಂದೆ ಲ್ಯಾನ್ಸಿ ಒಂದು ಆಸ್ಪತ್ರೆಯ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುವವರು, ತಾಯಿ ಅಲ್ಲಿಯೇ ನರ್ಸ್. ಹುಡುಗಿಗೆ ಮಾತು ಕಡಿಮೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಎರಡು ಶಬ್ದ ಹೇಳುತ್ತಿದ್ದಳು, "ಯೆಸ್ ಮಿಸ್" ಅಥವಾ "ನೋ ಮಿಸ್". ಆದರೆ ಕಾಲಿಗೆ ಪ್ಯಾಡ್ ಕಟ್ಟಿ, ತಲೆಗೆ ಹೆಲ್ಮೆಟ್ ಹಾಕಿ ಗೋಲಿನ ಮುಂದೆ ನಿಂತರೆ ಅವಳೇ ಬೇರೆ. ಡಿಫೆಂಡರುಗಳಿಗೆಲ್ಲ ಬೈಯುತ್ತಿದ್ದಳು, ಅದೂ ಕೊಂಕಣಿಯಲ್ಲಿ!

ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಈ ಹುಡುಗಿ ನನ್ನ ಮುಂದೆ ಕಂಪ್ಯೂಟರಿನಿಂದ ತೆಗೆದ ಒಂದು ಪ್ರಿಂಟ್ ಇಟ್ಟಳು. ಅಮೆರಿಕದ ಕಾಲೇಜುಗಳಲ್ಲಿ ಹುಡುಗಿಯರ ಹಾಕಿ ಟೀಮ್ ಉಂಟು, ಒಳ್ಳೆಯ ಆಟಗಾರ್ತಿಯರನ್ನು ಅವರೇ ಹುಡುಕಿ ಫೀಸಿನಲ್ಲಿ ರಿಯಾಯಿತಿ ಕೊಟ್ಟು ತೆಗೆದುಕೊಳ್ಳುತ್ತಾರೆ ಅಂತ ಅದರಲ್ಲಿತ್ತು. "ಅಲ್ಲಿ ಹಾಕಿ ಆಡುವುದು ಐಸಿನ ಮೇಲೆ ಅಲ್ವಾ?" ಎಂದೆ. "ಅದು ಬೇರೆ ಮಿಸ್, ಇದು ನಮ್ಮದೇ" ಎಂದಳು. ಕನ್ನಡದಲ್ಲಿ ಹೇಳಿದಳು! ಆಗಲೇ ನನಗೆ ಅಂದಾಜಾಯಿತು, ಇದು ತಮಾಷೆಯಲ್ಲ ಅಂತ.

ಅವಳಿಗೆ ಬೇರೆ ದಾರಿಯೂ ಇರಲಿಲ್ಲ. ಹನ್ನೆರಡನೇ ಕ್ಲಾಸ್ ಮುಗಿದರೆ ಅಲ್ಲಿ ನಮ್ಮ ಹುಡುಗಿಯರ ಆಟ ಖಲಾಸ್. ಮನೆಯಲ್ಲಿ ಮಂಗಳೂರಿನ ಬಿ.ಕಾಂ. ಎಂದು ಮಾತಾಗಿತ್ತು, ಇರಲು ಚಿಕ್ಕಪ್ಪನ ಮನೆಯೂ ಗೊತ್ತಾಗಿತ್ತು. ಪ್ಯಾಡು, ಹೆಲ್ಮೆಟ್ಟು ಯಾವ ತಂಗಿಗೆ ಕೊಡುವುದು ಅಂತ ಅವಳಮ್ಮ ಆಗಲೇ ಲೆಕ್ಕ ಹಾಕಿದ್ದರು. ಹುಡುಗಿಗೆ ಮಾತ್ರ ಆಡಬೇಕು. ಇನ್ನೂ ನಾಲ್ಕು ವರ್ಷ ಗೋಲಿನ ಮುಂದೆ ನಿಲ್ಲಬೇಕು, ಅಷ್ಟೇ.

ಸರಿ, ಅರ್ಜಿ ಹಾಕುವ ಅಂತ ಲ್ಯಾನ್ಸಿಯವರೂ ನಾನೂ ಹೊರಟೆವು. ನಮಗಿಬ್ಬರಿಗೂ ಗೊತ್ತಿದ್ದ ಅರ್ಜಿ ಎಂಥದ್ದು? ಗಲ್ಫಿನ ಅರ್ಜಿ. ವೀಸಾ, ಕೆಲಸ, ಮನೆ ಬಾಡಿಗೆ, ಯಾವುದಕ್ಕೆ ಹೋದರೂ ಪಾಸ್‌ಪೋರ್ಟ್ ಕಾಪಿ, ಬಿಳಿ ಹಿನ್ನೆಲೆಯ ಫೋಟೋ, ಎಲ್ಲದರ ಮೇಲೂ ಅಟೆಸ್ಟೇಷನ್ ಸೀಲು. ಲ್ಯಾನ್ಸಿಯವರಂತೂ ಹಗಲಿಡೀ ಸೀಲಿನ ನಡುವೆಯೇ ಕೂರುವ ಮನುಷ್ಯ. ದಪ್ಪ ಫೈಲ್ ಒಂದು ತಯಾರಾಯಿತು. ಪಾಸ್‌ಪೋರ್ಟ್, ವೀಸಾ ಪೇಜು, ಚುಚ್ಚುಮದ್ದಿನ ಕಾರ್ಡು, ಎಲ್ಕೇಜಿಯಿಂದ ಬಂದ ಸರ್ಟಿಫಿಕೇಟುಗಳು, ಚಿತ್ರಕಲೆಯಲ್ಲಿ ಸಿಕ್ಕಿದ ಸಮಾಧಾನಕರ ಬಹುಮಾನ, ಕೊನೆಗೆ ಬ್ಯಾಪ್ಟಿಸಂ ಸರ್ಟಿಫಿಕೇಟು.

"ಇದು ಯಾಕೆ ಲ್ಯಾನ್ಸಿಯವರೇ?" ಎಂದೆ.

"ಇರಲಿ ಟೀಚರ್, ಬೇಕು ಅಂದ್ರೆ ಮತ್ತೆ ಎಲ್ಲಿಗೆ ಓಡುವುದು?"

ಮೇಲೊಂದು ಪತ್ರ, "ರೆಸ್ಪೆಕ್ಟೆಡ್ ಸರ್" ಅಂತ. ನನ್ನ ಮಗಳನ್ನು ತಮ್ಮ ಘನ ಸಂಸ್ಥೆಗೆ ಸೇರಿಸಿಕೊಳ್ಳಬೇಕೆಂಬ ವಿನಂತಿ. ಬರೆದದ್ದು ಲ್ಯಾನ್ಸಿ, ತಿದ್ದಿದ್ದು ನಾನು, ಸಹಿ ಲ್ಯಾನ್ಸಿಯದು. ವೆನಿಶಾಳಿಗೆ ತೋರಿಸಲೇ ಇಲ್ಲ. ಎಂಟು ಕಾಲೇಜುಗಳಿಗೆ ಕೊರಿಯರ್ ಹೋಯಿತು.

ಉತ್ತರ ಇಲ್ಲ. ಒಂದು ತಿಂಗಳು, ಎರಡು ತಿಂಗಳು, ಅರಬರು ಹೇಳುವ ಹಾಗೆ ಮಾಫಿ, ಏನೂ ಇಲ್ಲ. ಲ್ಯಾನ್ಸಿಯವರಿಗೆ ಅವಮಾನವಾಯಿತು. "ಒಂದು ಸಾಲು ಬರೆಯಲಿಕ್ಕೂ ಆಗುವುದಿಲ್ವಾ ಇವರಿಗೆ? ನಮ್ಮ ಆಸ್ಪತ್ರೆಯಲ್ಲಿ ಇಲ್ಲ ಅಂತ ಹೇಳಲಿಕ್ಕಾದರೂ ಒಂದು ಕಾಗದ ಕೊಡುತ್ತೇವೆ" ಎಂದು ಪೇರೆಂಟ್ಸ್ ಮೀಟಿಂಗಿನಲ್ಲಿ ನನ್ನ ಮುಂದೆ ಕೂಗಾಡಿದರು. ನಾನೂ ಅಮೆರಿಕದವರಿಗೆ ಸೊಕ್ಕು ಅಂತ ಸೇರಿಸಿದೆ. ಆಮೇಲೆ ತಿಳಿದದ್ದು ಏನೆಂದರೆ, ಹನ್ನೊಂದನೇ ಕ್ಲಾಸಿನ ಒಂದು ಹಂತದವರೆಗೆ ದೊಡ್ಡ ಕಾಲೇಜುಗಳ ಕೋಚ್‌ಗಳು ಮಕ್ಕಳಿಗೆ ಉತ್ತರ ಬರೆಯುವ ಹಾಗೇ ಇರಲಿಲ್ಲ, ಅದು ಅವರ ನಿಯಮ. ನಾವು ಸುಮ್ಮನೆ ಬೈದದ್ದು. ಈ ನಿಯಮಗಳು ಆಗಾಗ ಬದಲಾಗುತ್ತವೆ, ನೀನು ಮೊದಲು ಅವನ್ನು ಓದು. ಇನ್ನೊಂದು ನೆನಪಿಟ್ಟುಕೋ, ಅವರು ಒಂಬತ್ತನೇ ಕ್ಲಾಸಿನಿಂದ ಮಾರ್ಕ್ಸ್ ಕೇಳುತ್ತಾರೆ. ನಮ್ಮ ಮಕ್ಕಳು ಬೋರ್ಡ್ ಪರೀಕ್ಷೆ ಇಲ್ಲ ಅಂತ ಒಂಬತ್ತನೇ ಕ್ಲಾಸಿನಲ್ಲಿ ಮಲಗಿರುತ್ತಾರೆ.

ಹನ್ನೊಂದನೇ ಕ್ಲಾಸಿನಲ್ಲಿ, ಉತ್ತರ ಬರೆಯಬಹುದಾದ ಕೂಡಲೇ, ಒಂದು ಕಾಲೇಜಿನಿಂದ ಮೇಲ್ ಬಂತು. ಬರೆದದ್ದು ಹೆಡ್ ಕೋಚ್, ಹೆಂಗಸು. ನಮ್ಮ "ರೆಸ್ಪೆಕ್ಟೆಡ್ ಸರ್" ಹೋಗಿ ಬಿದ್ದದ್ದು ಅವರ ಮೇಜಿನ ಮೇಲೆ! ಪಾಪ, ಒಳ್ಳೆಯ ಹೆಂಗಸು. ನಿಮ್ಮ ಫೈಲ್ ಪೂರ್ತಿ ಓದಿದೆವು, ವೆನಿಶಾಳ ಬ್ಯಾಪ್ಟಿಸಂ ಯಾವತ್ತು ಆಯಿತು ಅಂತ ತಿಳಿಯಿತು, ಅವಳು ಯಾವ ಜಾಗದಲ್ಲಿ ಆಡುತ್ತಾಳೆ ಅಂತ ಮಾತ್ರ ತಿಳಿಯಲಿಲ್ಲ ಎಂದು ಬರೆದಿದ್ದರು. ನಿಜ, ಅಷ್ಟು ಕಾಗದದಲ್ಲಿ ಗೋಲ್‌ಕೀಪರ್ ಎನ್ನುವ ಶಬ್ದ ಒಂದು ಕಡೆಯೂ ಇರಲಿಲ್ಲ. ಇನ್ನು ಮುಂದೆ ವೆನಿಶಾಳೇ ಬರೆಯಲಿ, ಆಟದ ವಿಡಿಯೋ ಕಳಿಸಲಿ ಎಂದೂ ಹೇಳಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ, ಆಮೇಲೆ ನಾಚಿಕೆಯಾಯಿತು.

ವಿಡಿಯೋ ಅಂದ ಕೂಡಲೇ ಲ್ಯಾನ್ಸಿಯವರು ಕರಾಮದಲ್ಲಿದ್ದ ಗೆಳೆಯನಿಗೆ ಫೋನ್ ಮಾಡಿದರು. ಅವನು ದುಬೈಯ ಇಡೀ ಮಂಗಳೂರಿಗರ ಮದುವೆ, ಮದುವೆಯ ಮುನ್ನಾದಿನದ ರೋಸ್ ಎಲ್ಲ ಶೂಟ್ ಮಾಡುವವ. ಆಗ ಅಲ್ಲಿ ವಾರದ ರಜೆಯೂ ಚರ್ಚಿನ ಪೂಜೆಯೂ ಶುಕ್ರವಾರ; ಅಂದೇ ಎರಡು ಕ್ಯಾಮರಾ ತೆಗೆದುಕೊಂಡು ಬಂದ. ಬಂದವನಿಗೆ ಒಂದೇ ಚಿಂತೆ, "ಹೆಲ್ಮೆಟ್ ಹಾಕಿದರೆ ಮುಖ ಕಾಣುವುದಿಲ್ಲವಲ್ಲ ಮೇಡಂ!" ಮುಖ ಕಾಣದಿದ್ದರೆ ಯಾರ ಮಗಳು ಅಂತ ಹೇಗೆ ಗೊತ್ತಾಗಬೇಕು ಎಂದು ಲ್ಯಾನ್ಸಿಯವರಿಗೂ ಅನಿಸಿತು. ನನಗೂ ಹೌದಲ್ಲ ಅನಿಸಿತು, ಸುಳ್ಳು ಯಾಕೆ ಹೇಳಲಿ. ಹೆಲ್ಮೆಟ್ ತೆಗೆಸಿದೆವು, ಕೂದಲು ಬಾಚಿಸಿದೆವು, ನಾನು ಮೆಲ್ಲ ಮೆಲ್ಲ ಬಾಲ್ ಉರುಳಿಸಿದೆ, ಅವಳು ಕ್ಯಾಮರಾ ನೋಡುತ್ತಾ ತಡೆದಳು. ಅವನು ಅದನ್ನು ಸ್ಲೋ ಮೋಷನ್ ಮಾಡಿ, ನಾಲ್ಕು ಮೂಲೆಗಳಿಂದ ಗುಲಾಬಿ ಎಸಳು ಉದುರಿಸಿ, ಹಿನ್ನೆಲೆಗೆ ವಯಲಿನ್ ಹಾಕಿ ಕೊಟ್ಟ. ಲ್ಯಾನ್ಸಿಯವರ ಹೆಂಡತಿ ನೋಡಿ ಅತ್ತರಂತೆ.

ವೆನಿಶಾ ನೋಡಿ, "ಮಿಸ್, ಪ್ಲೀಸ್, ಇದನ್ನು ಕಳಿಸಬೇಡಿ" ಎಂದಳು. ನಾವು ಕಳಿಸಿಯೂ ಆಗಿತ್ತು.

ಕೋಚ್‌ನಿಂದ ಎರಡೇ ಸಾಲಿನ ಉತ್ತರ ಬಂತು, ಈ ಸಲ ವೆನಿಶಾಳ ಹೆಸರಿಗೆ. ಹೆಲ್ಮೆಟ್ ಇಲ್ಲದೆ ಯಾವತ್ತೂ ಗೋಲಿನಲ್ಲಿ ನಿಲ್ಲಬೇಡ. ಮತ್ತು ಒಂದು ಇಡೀ ಮ್ಯಾಚ್ ಕಳಿಸು, ನೀವು ಸೋತ ಮ್ಯಾಚ್.

ಸೋತದ್ದು ಯಾಕಪ್ಪ ಇವರಿಗೆ? ನನಗೆ ಅರ್ಥವೇ ಆಗಲಿಲ್ಲ. ನಮ್ಮಲ್ಲಿ ಹುಡುಗಿ ನೋಡಲಿಕ್ಕೆ ಬಂದವರಿಗೆ ಸುಟ್ಟ ದೋಸೆ ತೋರಿಸುತ್ತೇವಾ? ಹೀಗೆ ನಾನಂದದ್ದಕ್ಕೆ ಲ್ಯಾನ್ಸಿಯವರು ತಲೆಯಾಡಿಸಿದರು. ಅವರು ಪ್ರತಿ ಮ್ಯಾಚಿಗೂ ಗೋಲಿನ ಹಿಂದೆ ಸ್ಟ್ಯಾಂಡ್ ನಿಲ್ಲಿಸಿ ತಮ್ಮ ಸಣ್ಣ ಕ್ಯಾಮರಾದಲ್ಲಿ ರೆಕಾರ್ಡ್ ಮಾಡುತ್ತಿದ್ದರು, ಎಲ್ಲವೂ ಮನೆಯ ಕಂಪ್ಯೂಟರಿನಲ್ಲಿ ಇತ್ತು.

"ದುಬೈ ಮ್ಯಾಚ್ ಕಳಿಸಲಾ ಮಿಸ್?" ಎಂದು ವೆನಿಶಾ ಕೇಳಿದಳು.

"ತಲೆ ಕೆಟ್ಟಿದೆಯಾ ನಿನಗೆ? ಆರು ಗೋಲು ಬಿಟ್ಟಿದ್ದೀ! ಒಂದು ಗೋಲಿನಿಂದ ಸೋತದ್ದು ಯಾವುದಾದರೂ ಹುಡುಕು."

"ಯೆಸ್ ಮಿಸ್" ಎಂದಳು.

ದುಬೈ ಮ್ಯಾಚ್ ಏನೆಂದು ಹೇಳಬೇಕು. ಅಲ್ಲಿನ ಒಂದು ಬ್ರಿಟಿಷ್ ಶಾಲೆಯ ಟೀಮಿನ ಜೊತೆ ಆಡಿದ್ದು. ಅವರದ್ದು ನೀಲಿ ಟರ್ಫ್, ನೀರು ಹಾಕಿ ಒದ್ದೆ ಮಾಡಿದ್ದು. ನಮ್ಮ ಹುಡುಗಿಯರು ಅಷ್ಟು ವೇಗದ ಬಾಲ್ ನೋಡಿದವರಲ್ಲ. ನಾನು ಕಲಿತದ್ದು ಮಣ್ಣಿನ ಗ್ರೌಂಡಿನ ಹಾಕಿ. ಅಲ್ಲಿ ಬಾಲ್ ಕಲ್ಲಿಗೆ ತಾಗಿ ಎತ್ತ ಹಾರುತ್ತದೋ ಹೇಳಲಾಗದು, ಹಾಗಾಗಿ ಕೀಪರ್ ಗೆರೆ ಬಿಟ್ಟು ಮುಂದೆ ಬರಬಾರದು. ನಾನು ವೆನಿಶಾಳಿಗೆ ಅದನ್ನೇ ಕಲಿಸಿದ್ದೆ. ಆವತ್ತು ಸೈಡಿನಲ್ಲಿ ನಿಂತು ಇಡೀ ಮ್ಯಾಚ್ ಕಿರುಚಿದೆ, "ಹಿಂದೆ ಹೋಗು! ಹಿಂದೆ!" ಅಂತ. ಎದುರಾಳಿಗಳಿಗೆ ಅರ್ಥವಾಗಬಾರದು ಅಂತ ಕನ್ನಡದಲ್ಲಿಯೇ. ಆರು ಗೋಲು ಹೋಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ದುಬೈಯಿಂದ ಅಬುಧಾಬಿಯವರೆಗೆ ಎಲ್ಲರ ಮುಂದೆ ಅವಳಿಗೆ ಬೈದೆ. ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು.

ಹನ್ನೆರಡನೇ ಕ್ಲಾಸಿಗೆ ಬಂದಳು. ಸೂಪರ್‌ವೈಸರ್ ಮೇಡಂ ನನ್ನನ್ನು ಕರೆದು, ಇನ್ನು ಆಟ ಸಾಕು, ಟ್ಯೂಷನ್ನಿಗೆ ಹೋಗಲಿ, ಆ ಮಗುವಿನ ತಲೆಯಲ್ಲಿ ಅಮೆರಿಕ ತುಂಬಿಸಬೇಡ ಎಂದರು. ಅವರು ಹೇಳಿದ್ದು ತಪ್ಪು ಅಂತ ನನಗೂ ಅನಿಸಲಿಲ್ಲ. ಎಂಟು ಕಾಲೇಜುಗಳಲ್ಲಿ ಏಳು ಬೇಡ ಎಂದಾಗಿತ್ತು. ಉಳಿದದ್ದು ಈ ಒಂದು, ಅದಕ್ಕೂ ಬೇಕಾದದ್ದು ಒಬ್ಬಳೇ ಕೀಪರ್. ಆಗ ಆ ಕೋಚ್ ವಿಡಿಯೋ ಕರೆಯಲ್ಲಿ ಮಾತಾಡಬೇಕು ಎಂದರು. ಇದು ಹೋದರೆ ಬಿ.ಕಾಂ., ಚಿಕ್ಕಪ್ಪನ ಮನೆ.

ಶುಕ್ರವಾರ ಸಂಜೆ ಲ್ಯಾನ್ಸಿಯವರ ಮನೆಯಲ್ಲಿ ಸೇರಿದೆವು. ಆ ದೇಶದಲ್ಲಿ ನೆಟ್‌ನ ವಿಡಿಯೋ ಕರೆಗೆ ತಡೆ ಉಂಟು, ಇವತ್ತು ಸಿಕ್ಕಿದರೆ ನಾಳೆ ಇಲ್ಲ, ಹಾಗಾಗಿ ಲ್ಯಾನ್ಸಿಯವರು ಚರ್ಚಿನಿಂದ ಬಂದ ಶರ್ಟಿನಲ್ಲೇ ಲ್ಯಾಪ್‌ಟಾಪಿನ ಮುಂದೆ ಎರಡು ಗಂಟೆ ಕೂತಿದ್ದರು. ವೆನಿಶಾ ಮೇಜಿನ ಎದುರು, ಪಕ್ಕದಲ್ಲಿ ಲ್ಯಾನ್ಸಿ, ನಾನು ಲ್ಯಾಪ್‌ಟಾಪಿನ ಹಿಂದೆ ಕುರ್ಚಿಯಲ್ಲಿ. ಕೋಚ್‌ಗೆ ನಾನು ಕಾಣುವುದಿಲ್ಲ, ವೆನಿಶಾಳಿಗೆ ಕಾಣುತ್ತೇನೆ. ಉತ್ತರ ಮರೆತರೆ ಸನ್ನೆ ಮಾಡುತ್ತೇನೆ ಅಂತ ನನ್ನದೇ ಏರ್ಪಾಡು.

ಕರೆ ಸಿಕ್ಕಿತು. ಮೊದಲ ಪ್ರಶ್ನೆ, ನಿನಗೆ ಯಾವ ವಿಷಯ ಓದಲು ಇಷ್ಟ? ಲ್ಯಾನ್ಸಿ ಉತ್ತರ ಕೊಟ್ಟರು. ಎರಡನೆಯದು, ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ? ಅದಕ್ಕೂ ಲ್ಯಾನ್ಸಿ. ಆ ಹೆಂಗಸು ನಗುತ್ತಲೇ, "ಸರ್, ನೀವು ಗೋಲಿನಲ್ಲಿ ನಿಲ್ಲುವವರಲ್ಲವಲ್ಲ, ನಾನು ವೆನಿಶಾಳ ಮಾತು ಕೇಳಬೇಕು" ಎಂದರು. ಲ್ಯಾನ್ಸಿ ಕುರ್ಚಿ ಒಂದಡಿ ಹಿಂದೆ ಎಳೆದರು.

ಆಮೇಲೆ ಕೋಚ್ ಹೇಳಿದರು, "ನೀನು ಕಳಿಸಿದ ಆರು ಗೋಲಿನ ಮ್ಯಾಚನ್ನು ನಾನು ಎರಡು ಸಲ ನೋಡಿದೆ."

ಅದನ್ನೇ ಕಳಿಸಿದ್ದಾಳೆ, ಕಳ್ಳಿ! ನಾನು ಅವಳತ್ತ ಕಣ್ಣು ಬಿಟ್ಟೆ. ಅವಳು ನನ್ನನ್ನು ನೋಡಲಿಲ್ಲ.

"ಹೆಚ್ಚಿನ ಸಲ ನೀನು ಒಂದು ಹೆಜ್ಜೆ ಮುಂದೆ ಇಡುತ್ತೀ. ಅದು ಸರಿ, ಹೊಡೆಯುವವಳಿಗೆ ಗೋಲು ಸಣ್ಣದಾಗುತ್ತದೆ. ಆಮೇಲೆ ಹಿಂದೆ ಹೋಗುತ್ತೀ, ಗೋಲಾಗುತ್ತದೆ. ಆಗೆಲ್ಲ ಸೈಡಿನಲ್ಲಿ ಒಬ್ಬರು ಒಂದೇ ಮಾತು ಕೂಗುತ್ತಾರೆ. ಅವರು ಹೇಳುವುದೇನು?"

ಲ್ಯಾನ್ಸಿಯವರು ಹಿಂದಿನಿಂದಲೇ, "ಎನ್‌ಕರೇಜಿಂಗ್ ಮೇಡಂ, ಎನ್‌ಕರೇಜಿಂಗ್!" ಎಂದರು. ಕೋಚ್ ಕೇಳಿಸದವರ ಹಾಗೆ ವೆನಿಶಾಳನ್ನೇ ನೋಡುತ್ತಿದ್ದರು.

ನಿಜ ಹೇಳುತ್ತೇನೆ, ಅವಳು ಸುಳ್ಳು ಹೇಳಲಿ ಎಂದು ಆ ಹೊತ್ತಿಗೆ ನಾನು ಆಸೆಪಟ್ಟೆ. ಕನ್ನಡ ಬಾರದ ಹೆಂಗಸು, ಯಾರಿಗೆ ಗೊತ್ತಾಗುತ್ತದೆ? ಟೀಚರಿಗೆ ಎದುರು ಮಾತಾಡಬಾರದು ಅಂತ ಆ ಮಕ್ಕಳಿಗೆ ಕಲಿಸಿದವಳೇ ನಾನು. ಸನ್ನೆ ಮಾಡಲು ಕೂತ ನನ್ನ ಕೈ ಮಡಿಲಲ್ಲೇ ಇತ್ತು. ವೆನಿಶಾ ಈಗ ನನ್ನನ್ನು ನೋಡಿದಳು. ಅವಳ ಕಿವಿ ಕೆಂಪಾಗಿತ್ತು.

"ಹಿಂದೆ ಹೋಗು ಅಂತ ಹೇಳುತ್ತಿದ್ದಾರೆ," ಎಂದಳು ಇಂಗ್ಲಿಷಿನಲ್ಲಿ, "ಅವರು ನನ್ನ ಟೀಚರ್."

"ಯಾರು ಸರಿ? ಅವರಾ, ನೀನಾ?"

ಕರೆ ಕಡಿದೇ ಹೋಯಿತೇನೋ ಎಂದು ಲ್ಯಾನ್ಸಿಯವರು ಬಗ್ಗಿ ನೋಡಿದರು.

"ನಾನು," ಎಂದಳು.

"ಇಲ್ಲಿ ನಾನು ಹಾಗೆ ಕೂಗಿದರೆ ಏನು ಮಾಡುತ್ತೀ?"

"ಮುಂದೆ ಬರುತ್ತೇನೆ. ಆಮೇಲೆ ನಿಮ್ಮ ಹತ್ತಿರ ಸಾರಿ ಕೇಳುತ್ತೇನೆ."

ಆ ಹೆಂಗಸು ಜೋರಾಗಿ ನಕ್ಕರು. ಆಮೇಲೆ ಇನ್ನೂ ಅರ್ಧ ಗಂಟೆ ಅವರಿಬ್ಬರೇ ಮಾತಾಡಿಕೊಂಡರು, ಕೈಯಲ್ಲಿ ಕೋನ ತೋರಿಸಿಕೊಂಡು, ಗೆಳತಿಯರ ಹಾಗೆ. ಆ ಹುಡುಗಿಯ ಬಾಯಲ್ಲಿ ಅಷ್ಟು ಮಾತುಂಟು ಅಂತ ಏಳು ವರ್ಷ ಕಲಿಸಿದ ನನಗೆ ಗೊತ್ತಿರಲಿಲ್ಲ. ಹೊಟ್ಟೆಯೊಳಗೆ ಉರಿಯೂ ಆಯಿತು, ಹೆಮ್ಮೆಯೂ ಆಯಿತು. ಯಾವುದು ಹೆಚ್ಚು ಅಂತ ಕೇಳಬೇಡ. ಲ್ಯಾನ್ಸಿಯವರ ಹೆಂಡತಿ ಚಾ ತಂದಿಟ್ಟರು, ನನ್ನ ಮುಖ ನೋಡಿ ಸಕ್ಕರೆ ಎಷ್ಟು ಅಂತ ಕೂಡ ಕೇಳಲಿಲ್ಲ.

ಮೂರು ವಾರ ಕಳೆದು ಮೇಲ್ ಬಂತು, ಸೀಟು ಕೊಟ್ಟಿದ್ದೇವೆ, ಫೀಸಿನ ಬಹುಪಾಲು ನಮ್ಮದು, ಹನ್ನೆರಡನೇ ಕ್ಲಾಸಿನ ಮಾರ್ಕ್ಸ್ ಚೆನ್ನಾಗಿರಲಿ ಅಂತ. ಲ್ಯಾನ್ಸಿಯವರು ಆ ಮೇಲನ್ನು ಪ್ರಿಂಟ್ ತೆಗೆದು, ಇದಕ್ಕೆ ಎಲ್ಲಿ ಅಟೆಸ್ಟೇಷನ್ ಮಾಡಿಸುವುದು ಅಂತ ನನಗೆ ಫೋನ್ ಮಾಡಿದರು! ಸೂಪರ್‌ವೈಸರ್ ಮೇಡಂ ಅಸೆಂಬ್ಲಿಯಲ್ಲಿ ಮೈಕ್ ಹಿಡಿದು, ನಮ್ಮ ಶಾಲೆ ಆಟಕ್ಕೆ ಯಾವಾಗಲೂ ಮಹತ್ವ ಕೊಟ್ಟಿದೆ ಎಂದರು. ಮ್ಯಾಥ್ಸ್ ಮಿಸ್ ನನ್ನ ಮುಖ ನೋಡಿ ಕಣ್ಣು ಹೊಡೆದರು.

ಆಮೇಲೆ ಐದಾರು ಹುಡುಗಿಯರಿಗೆ ಈ ದಾರಿ ತೋರಿಸಿದೆ, ಕೆಲವರಿಗೆ ಸಿಕ್ಕಿತು, ಕೆಲವರಿಗೆ ಇಲ್ಲ. ಆದರೆ ನಾನು ಪತ್ರ ಬರೆದುಕೊಡಲಿಲ್ಲ, ಕರೆಯ ಹೊತ್ತಿಗೆ ಕೋಣೆಯೊಳಗೆ ಕೂರಲಿಲ್ಲ. ಟರ್ಫ್ ಹಾಕಿಯನ್ನೂ ಹೊಸದಾಗಿ ಕಲಿತೆ, ಆ ವಯಸ್ಸಿನಲ್ಲಿ, ಮಕ್ಕಳ ಹತ್ತಿರವೇ ಕೇಳಿಕೊಂಡು.

ಸೀಟಿನ ಮೇಲ್ ಬಂದ ದಿನ ಸಂಜೆ ವೆನಿಶಾ ಗ್ರೌಂಡಿಗೆ ಬಂದಳು. ಕೇಕ್ ತಂದಿದ್ದಳು. ನನಗೆ ತಡೆಯಲಾಗಲಿಲ್ಲ.

"ಬಸ್ಸಿನಲ್ಲಿ ಅಷ್ಟು ಬೈದೆನಲ್ಲ, ಆಗಲೇ ಯಾಕೆ ಹೇಳಲಿಲ್ಲ ನೀನು?"

"ನೀವು ಮಿಸ್ ಅಲ್ವಾ" ಎಂದಳು, ಅದೇ ದೊಡ್ಡ ಕಾರಣ ಎನ್ನುವ ಹಾಗೆ.

"ಆಯ್ತು, ಈಗ ಹೇಳು. ಹೆದರಬೇಡ. ಆ ಆರು ಗೋಲಿನಲ್ಲಿ ನನ್ನಿಂದ ಹೋದದ್ದು ಎಷ್ಟು?"

ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು, ತುಟಿ ಕಚ್ಚಿಕೊಂಡು. "ನಾಲ್ಕು ಮಿಸ್. ಎರಡು ನನ್ನದು."

"ಸಾರಿ ಮಾರಾಯ್ತಿ" ಎಂದೆ. "ಇಟ್ಸ್ ಓಕೆ ಮಿಸ್" ಎಂದು ಕೇಕಿನ ದೊಡ್ಡ ತುಂಡು ನನಗೆ ಕೊಟ್ಟಳು.

ಅವಳು ಅಮೆರಿಕಕ್ಕೆ ಹೋದ ಮೇಲೆ ಲ್ಯಾನ್ಸಿಯವರ ಹತ್ತಿರ ಆ ಮ್ಯಾಚಿನ ವಿಡಿಯೋ ಕೇಳಿ ತೆಗೆದುಕೊಂಡೆ. ಒಂದು ರಜೆಯ ದಿನ ಬಾಗಿಲು ಹಾಕಿಕೊಂಡು, ಒಂದೊಂದು ಗೋಲನ್ನೂ ಮತ್ತೆ ಮತ್ತೆ ನಿಲ್ಲಿಸಿ ನೋಡಿದೆ. ನನ್ನ ಧ್ವನಿ, ಅವಳ ಹೆಜ್ಜೆ, ಬಾಲು. ನನ್ನಿಂದ ಹೋದದ್ದು ಎಷ್ಟು ಅಂತ ಲೆಕ್ಕ ಹಾಕಿದೆ, ಇನ್ನೊಮ್ಮೆ ಹಾಕಿದೆ.

ಐದು.